ಭಾನುವಾರದ ನೀರು

ನಾಲೆಯ ನೀರು ನಮ್ಮಲ್ಲಿ ಸರದಿಯ ಮೇಲೆ ಬರುತ್ತದೆ. ಪಕ್ಕದ ಗದ್ದೆಯವನ ಸರದಿ ಭಾನುವಾರ ಬೆಳಿಗ್ಗೆ. ಅವನು ಕ್ರೈಸ್ತ, ಗದ್ದೆಗೆ ನೀರು ತಿರುಗಿಸಿಟ್ಟು ಚರ್ಚಿಗೆ ಹೊರಟುಬಿಡುತ್ತಿದ್ದ. ಅವನ ಬೈಕು ಮದ್ದೂರಿನ ರಸ್ತೆ ಹತ್ತಿದ ಮೇಲೆ ನಾನು ಬದುವಿನ ಮಣ್ಣಿನ ಎರಡು ಹೆಂಟೆ ಸರಿಸುತ್ತಿದ್ದೆ. ನೀರು ನನ್ನ ಕಬ್ಬಿಗೆ ಬರುತ್ತಿತ್ತು. ಅವನು ಹಿಂತಿರುಗುವ ಹೊತ್ತಿಗೆ ಹೆಂಟೆಗಳು ಸ್ವಸ್ಥಾನದಲ್ಲಿ. ಜೀವಮಾನವೆಲ್ಲ ನೀತಿಪಾಠ ಮಾಡಿದ ಮೇಷ್ಟ್ರ ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು ಬೇಡವೇ?

ಒಂದು ಸಂಜೆ ಅವನೇ ಮನೆಗೆ ಬಂದ. ಜಗುಲಿ ಹತ್ತಲಿಲ್ಲ.

"ತಪ್ಪಾಯ್ತು ಮೇಷ್ಟ್ರೇ, ಕ್ಷಮಿಸ್ಬುಡಿ."

"ಏನ್ಲಾ ಮಾಡ್ದೆ?"

"ನನ್ ನೀರ ನೀವೇ ತಿರುಗುಸ್ಕತೀರಿ ಅಂತ ಅನ್ಮಾನ ಪಟ್ಟಿದ್ದೆ. ಕಳ್ಳ ಮುಂಡೇದು ಅಂತ ಮನ್ಸಲ್ಲೇ ಬೈದಿದ್ದೆ. ನಮ್ಮಲ್ಲಿ ಮನ್ಸಲ್ ಅಂದ್ಕಂಡ್ರೂ ಪಾಪಾನೇ. ಚರ್ಚ್ ಸ್ವಾಮಿಯೋರ ಮುಂದೆ ಯೋಳ್ಕಂಡೆ. ಅವ್ರತ್ರನೇ ಓಗಿ ಕ್ಷಮೆ ಕೇಳು ಅಂದ್ರು."

ಮನುಷ್ಯರೆಲ್ಲ ಪಾಪಿಗಳೆಂದು ಅವನ ಧರ್ಮ ಹೇಳುತ್ತದಂತೆ. ನನ್ನನ್ನು ಮಾತ್ರ ಅವನು ಪಟ್ಟಿಯಿಂದ ಬಿಟ್ಟಿದ್ದ. ನಾನು ಗಂಭೀರವಾಗಿ ಅವನ ಹೆಗಲ ಮೇಲೆ ಕೈಯಿಟ್ಟು, "ಆಗ್ಲಿ ಬುಡು, ಕ್ಷಮಿಸಿದ್ದೀನಿ" ಎಂದೆ. ಕಾಫಿಯನ್ನೂ ಕೊಡಿಸಿದೆ.

ಮುಂದಿನ ಭಾನುವಾರ ಹೆಂಟೆ ಮುಟ್ಟಲಿಲ್ಲ. ಅದರ ಮುಂದಿನ ಭಾನುವಾರ ಮುಟ್ಟಿದೆ. ಪಶ್ಚಾತ್ತಾಪ ನನಗಿತ್ತು, ಕಬ್ಬಿಗಿರಲಿಲ್ಲ.

ಅವನು ಮಂಡ್ಯದ ಆಸ್ಪತ್ರೆ ಸೇರಿದಾಗ, ಹೇಳಿಬಿಡೋಣವೆಂದೇ ಬಸ್ಸು ಹತ್ತಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: "ಅವತ್ ನೀವ್ ಕ್ಷಮಿಸಿದ್ರಲ್ಲ ಮೇಷ್ಟ್ರೇ, ವಸಿ ಅಗುರಾಗೋದೆ."

ಆ ಹಗುರವನ್ನು ಕಿತ್ತುಕೊಳ್ಳುವುದು ಬೇಡವೆಂದು ಸುಮ್ಮನಾದೆ. ನನಗೆ ನಾನೇ ಕೊಟ್ಟುಕೊಂಡ ಕಾರಣ ಅದು. ಮೂರನೆಯ ದಿನ ಅವನು ಹೋದ.

ಮಣ್ಣಾದ ಮೇಲೆ ಅವನ ಹೆಂಡತಿ ಬಂದಳು. "ನಾನು ಚರ್ಚ್ ಪೂಜೆಗೋಗಿ ಬರೋಗಂಟ ನೀರ್ ನೋಡ್ಕತೀರಾ ಮೇಷ್ಟ್ರೇ? ನಿಮ್ಮನ್ನೇ ನಂಬು ಅಂತ ಯೋಳೋಗವ್ರೆ."

ಅಂದಿನಿಂದ ಪ್ರತಿ ಭಾನುವಾರ ಗುದ್ದಲಿ ಹಿಡಿದು ಬದುವಿನ ಮೇಲೆ ನಿಲ್ಲುತ್ತೇನೆ, ನನ್ನಿಂದಲೇ ಅವಳ ನೀರನ್ನು ಕಾಯುತ್ತ. ಕಬ್ಬಿನೊಳಗೆ ಯಾರೋ ಕೆಮ್ಮುತ್ತಾರೆ. ಅವನದೇ ಕೆಮ್ಮು, ಬೀಡಿ ಸೇದಿದ ಮೇಲಿನದು. ಹೋಗಿ ನೋಡಿದರೆ ಸೋಗೆ ಅಲ್ಲಾಡುತ್ತಿರುತ್ತದೆ, ಗಾಳಿ ಇರುವುದಿಲ್ಲ.

ಕಳೆದ ವಾರ ತಡೆಯಲಾಗಲಿಲ್ಲ. "ನಾನೇ ಕಣ್ಲಾ ತಿರುಗುಸ್ಕತಿದ್ದಿದ್ದು" ಎಂದು ಕಬ್ಬಿಗೆ ಕೇಳುವಂತೆ ಹೇಳಿದೆ. ಕೆಮ್ಮು ನಿಂತಿತು.

ತಿರುಗಿದರೆ ಅವಳು ಬದುವಿನ ಮೇಲೆ, ಚರ್ಚಿನಲ್ಲಿ ಹೊದ್ದ ಸೆರಗು ಇನ್ನೂ ತಲೆಯ ಮೇಲೇ ಇದೆ.

"ಯಾರತ್ರ ಮಾತಾಡ್ತಿದ್ರಿ?"

"ಯಾರೂ ಇಲ್ಲ ಕಣಮ್ಮ" ಎಂದೆ.

ಬೆನ್ನ ಹಿಂದೆ ಕೆಮ್ಮು ಮತ್ತೆ ಶುರುವಾಯಿತು.