ಗೋಡೆಯಾಚೆಯ ಬಿಸಿಲು

ನಾನು ಚಿಕ್ಕವಳಿದ್ದಾಗ ಒಮ್ಮೆ ನಮ್ಮ ಮನೆಯ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು, ಮೂರು ಗುಲಾಬಿ ಗಿಡಗಳು ಮಾತ್ರ ನಮ್ಮ ಜೊತೆ ರೈಲಿನಲ್ಲಿ ಬಂದವು. ಅಪ್ಪನಿಗೆ ಹಾಸನದಿಂದ ಹೊಳೆನರಸೀಪುರಕ್ಕೆ ವರ್ಗವಾಗಿತ್ತು. ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಲಾರಿಯಲ್ಲಿ ಹಾಕಿದರೆ ಗಿಡ ಮುರಿಯುತ್ತದೆ ಎಂದು ಅಕ್ಕ ಹಟ ಹಿಡಿದಿದ್ದಳು. ಹಾಗಾಗಿ ಸೀಮೆಎಣ್ಣೆ ಡಬ್ಬಗಳಲ್ಲಿ ನೆಟ್ಟಿದ್ದ ಆ ಮೂರನ್ನೂ ಸೀಟಿನ ಕೆಳಗೆ ತುರುಕಿ ಕೂತೆವು. ದಾರಿಯುದ್ದಕ್ಕೂ ಮುಳ್ಳು ಎದುರಿಗೆ ಕೂತಿದ್ದ ರೈತರೊಬ್ಬರ ಪಂಚೆಗೆ ಸಿಕ್ಕಿಕೊಳ್ಳುತ್ತಿತ್ತು. ಅವರು ಪ್ರತಿ ಸಲವೂ ನಿಧಾನವಾಗಿ ಬಿಡಿಸಿಕೊಂಡು, "ಏನ್ ಮಗಾ, ನಿನ್ ಗಿಡಕ್ಕೂ ಟಿಕೀಟು ತಗಂಡಿದ್ದೀಯಾ?" ಎಂದು ನಗುತ್ತಿದ್ದರು.

ಮೂರೂ ಬೇರೆ ಬೇರೆ ಜಾತಿಯವು. ಪನ್ನೀರು ಗುಲಾಬಿಯ ಕಡ್ಡಿಯನ್ನು ಅರಕಲಗೂಡಿನ ಅತ್ತೆ ಕೊಟ್ಟಿದ್ದರು. ಅದರ ಹೂವು ಒಂದೇ ದಿನಕ್ಕೆ ಉದುರುತ್ತಿತ್ತು, ಆದರೆ ಒಂದು ಬಿರಿದರೆ ಅಡುಗೆಮನೆಯವರೆಗೂ ಘಮ್ಮೆನ್ನುತ್ತಿತ್ತು. ಬಿಳಿ ಗೊಂಚಲು ಗುಲಾಬಿ ಚನ್ನರಾಯಪಟ್ಟಣದ ಚಿಕ್ಕಮ್ಮನ ಮನೆಯದು. ಅಲ್ಲಿ ತೆಂಗಿನ ಮರಗಳ ಅರೆನೆರಳಿನಲ್ಲಿ ಬೆಳೆದ ಗಿಡ ಅದು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡ ಹೂವು, ವಾಸನೆಯೇ ಇಲ್ಲ, ಆದರೆ ಬಿಟ್ಟರೆ ಗಿಡವೇ ಕಾಣದಷ್ಟು ಬಿಡುತ್ತಿತ್ತು. ಮೂರನೆಯದು ಅಕ್ಕನ ಪ್ರಾಣವಾಗಿದ್ದ ಕೆಂಪು ಕಸಿ ಗುಲಾಬಿ. ಹಾಸನದಲ್ಲಿ ಬಂಗಲೆಯೊಂದರ ತೋಟ ನೋಡಿಕೊಳ್ಳುತ್ತಿದ್ದ ಮಾಲಿ ಅವಳ ಕಾಟ ತಾಳಲಾರದೆ ಕೊಟ್ಟಿದ್ದ ಗಿಡ. ಹಾಸನದ ಮನೆಯ ಅಂಗಳ ಪೂರ್ವಕ್ಕೆ ತೆರೆದಿತ್ತು. ಮಂಜು ಕರಗುತ್ತಿದ್ದಂತೆ ಬಂದ ಬಿಸಿಲು ಮಧ್ಯಾಹ್ನ ಕಳೆಯುವವರೆಗೂ ಅಲ್ಲೇ ಇರುತ್ತಿತ್ತು. ಗಿಡ ಬಟ್ಟಲಿನಷ್ಟು ದೊಡ್ಡ ಹೂ ಬಿಡುತ್ತಿತ್ತು. ದಳ ಮುಟ್ಟಿದರೆ ಮಖಮಲ್ಲು. ಅಕ್ಕನ ಗೆಳತಿಯರು ಸರದಿಯ ಮೇಲೆ ಅದನ್ನು ಮುಡಿದು ಸ್ಕೂಲಿಗೆ ಹೋಗುತ್ತಿದ್ದರು.

ಹೊಳೆನರಸೀಪುರದ ಮನೆ ತಂಪಾಗಿತ್ತು, ಅದೇ ತೊಂದರೆಯಾಯಿತು. ಹಿತ್ತಲಿನ ಪೂರ್ವಕ್ಕೆ ನಮ್ಮದೇ ಮನೆಯ ಮಾಡು, ಪಶ್ಚಿಮಕ್ಕೆ ಅಕ್ಕಿ ಗಿರಣಿಯ ಎತ್ತರದ ಗೋಡೆ. ಬಿಳಿ ಗೊಂಚಲಿಗೆ ಇದೇನೂ ಹೊಸದಲ್ಲ, ಬಂದ ತಿಂಗಳಿಗೇ ಹೂ ಬಿಟ್ಟಿತು. ಪನ್ನೀರು ಗುಲಾಬಿ ಹಾಸನದಲ್ಲಿ ಐದು ಬಿಡುತ್ತಿದ್ದ ಕಡೆ ಎರಡು ಬಿಟ್ಟು ಮರ್ಯಾದೆ ಉಳಿಸಿಕೊಂಡಿತು. ಕೆಂಪು ಗುಲಾಬಿ ಮಾತ್ರ ಮುನಿಸಿಕೊಂಡಿತು. ಕಡ್ಡಿಗಳು ಬಡಕಲಾಗಿ ನನಗಿಂತ ಎತ್ತರ ಬೆಳೆದವು, ಎಲೆಗಳ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತೆ ಬೂದಿರೋಗ ಕೂತಿತು. ಹುಡುಕಿದರೂ ಒಂದು ಮೊಗ್ಗಿಲ್ಲ. ಅಕ್ಕ ದಿನಕ್ಕೆ ಎರಡು ಸಲ ನೀರು ಹಾಕಿದಳು, ಕಾಫಿ ಚರಟ ಹಾಕಿದಳು. ಅಮ್ಮ ದೃಷ್ಟಿಯಾಗಿದೆ ಎಂದು ಒಂದು ಹಳೆಯ ಚಪ್ಪಲಿ ಕಟ್ಟಿದರು. ಹೊಸ ಊರಿನಲ್ಲಿ ಗೆಳತಿಯರಿಲ್ಲದ ಅಕ್ಕ ಮೊದಲೇ ಮಾತು ಕಡಿಮೆ ಮಾಡಿದ್ದಳು. ಈಗ ಆ ಗಿಡದ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು.

"ಯುಗಾದಿವರೆಗೆ ನೋಡ್ತೀನಿ," ಎಂದರು ಅಮ್ಮ. "ಮೊಗ್ಗು ಬರ್ಲಿಲ್ಲ ಅಂದ್ರೆ ಅದನ್ನ ಕಿತ್ತು, ಆ ಡಬ್ಬಕ್ಕೆ ತುಳಸಿ ಹಾಕ್ತೀನಿ."

ಯುಗಾದಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ಒಂದು ಭಾನುವಾರ ಅಪ್ಪ ಹಿತ್ತಲಿನಲ್ಲಿ ಕನ್ನಡಿ ಇಟ್ಟುಕೊಂಡು ಮುಖಕ್ಷೌರ ಮಾಡಿಕೊಳ್ಳುತ್ತಿದ್ದರು. ಅಕ್ಕ ಮತ್ತೆ ಚೊಂಬು ಹಿಡಿದು ಬಂದದ್ದನ್ನು ನೋಡಿ, "ನೀರು ಹಾಕ್ತೀರಿ, ಗೊಬ್ಬರ ಹಾಕ್ತೀರಿ. ಅದಕ್ಕೆ ಎಷ್ಟು ಬಿಸಿಲು ಬೀಳುತ್ತೆ ಅಂತ ಯಾರಾದ್ರೂ ನೋಡಿದ್ದೀರಾ?" ಎಂದರು.

ಯಾರೂ ನೋಡಿರಲಿಲ್ಲ. ನಾನು ಒಲೆಯಿಂದ ಒಂದು ಇದ್ದಿಲು ತಂದೆ. ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಗೆರೆ ಎಳೆಯುವುದು, ಒಳಗೆ ಓಡಿ ಗಡಿಯಾರ ನೋಡುವುದು, ಮತ್ತೆ ಬಂದು ಗೆರೆ ಎಳೆಯುವುದು. ಹಿತ್ತಲ ಕಲ್ಲುಚಪ್ಪಡಿಯೆಲ್ಲ ಕಪ್ಪಾಯಿತು, ನನ್ನ ಲಂಗವೂ ಕಪ್ಪಾಯಿತು. ಕೆಂಪು ಗುಲಾಬಿಯ ಮೇಲೆ ಬಿಸಿಲು ಬಿದ್ದದ್ದು ಹತ್ತು ಗಂಟೆಗೆ, ಹೋದದ್ದು ಹನ್ನೆರಡೂಕಾಲಿಗೆ. ಡಬ್ಬವನ್ನು ಯಾವ ಮೂಲೆಗೆ ತಳ್ಳಿದರೂ ಇನ್ನೊಂದು ಗಳಿಗೆ ಹೆಚ್ಚು ಸಿಗುತ್ತಿರಲಿಲ್ಲ.

ಹಳೆಯ ಒರಳುಕಲ್ಲಿನ ಮೇಲೆ ಹತ್ತಿ ಪಕ್ಕದ ಮನೆಯ ಮಣ್ಣುಗೋಡೆಯಾಚೆ ಇಣುಕಿದೆ. ಗಿರಣಿಯ ಗೋಡೆ ಅಲ್ಲಿಗೆ ಬರುವ ಮೊದಲೇ ಮುಗಿದಿತ್ತು. ಅಗಲವಾದ ಹಿತ್ತಲಿನ ತುಂಬ ಬಿಸಿಲು. ನಡುವೆ ಚಾಪೆಗಳ ಮೇಲೆ ಒಣಮೆಣಸಿನಕಾಯಿ ಹರಡಿತ್ತು. ಅದರ ಘಾಟಿಗೆ ನನ್ನ ಮೂಗು ಕಡಿಯಿತು.

ಆದರೆ ಅದು ದೊಡ್ಡಮ್ಮನ ಹಿತ್ತಲು. ದೊಡ್ಡಮ್ಮ ಎಂದು ಇಡೀ ಬೀದಿ ಕರೆಯುತ್ತಿದ್ದ ಆ ಹೆಂಗಸಿಗೂ ನಮ್ಮ ಅಮ್ಮನಿಗೂ ಮಾತಿರಲಿಲ್ಲ. ನಾವು ಬಂದ ಮೊದಲ ವಾರವೇ ನಮ್ಮ ಬಚ್ಚಲ ನೀರು ಗೋಡೆಯ ಬಿಲದಿಂದ ನುಗ್ಗಿ ಅವರ ಬೆರಣಿಗಳನ್ನೆಲ್ಲ ಕರಗಿಸಿತ್ತು. ಅಪ್ಪ ಮೋರಿಯನ್ನೇನೋ ತಿರುಗಿಸಿದರು. ಆದರೆ ಇಬ್ಬರೂ ಹೆಂಗಸರು ತಿರುಗಿಸಿದ ಮುಖ ಹಾಗೇ ಇತ್ತು.

"ಊಟ ಆದ್ಮೇಲೆ ಅವರು ಹೊಳೆಗೆ ಬಟ್ಟೆ ಒಗೆಯೋಕೆ ಹೋಗ್ತಾರೆ," ಎಂದೆ ಅಕ್ಕನಿಗೆ. "ಅವರು ಬರೋವರೆಗೂ ಗಿಡಾನ ಅಲ್ಲಿಟ್ಟು, ಬಿಸಿಲು ಕುಡಿಸಿ ತಂದುಬಿಡೋಣ."

ಎಷ್ಟೋ ದಿನಗಳ ಮೇಲೆ ಅಕ್ಕನ ಕಣ್ಣು ಮಿನುಗಿತು.

ಅಪ್ಪ ಅಮ್ಮ ಮಲಗಿದ ಮೇಲೆ ನಾನು ಗೋಡೆ ದಾಟಿ ಆಚೆ ಧುಮುಕಿದೆ. ಅಕ್ಕ ಉಸಿರು ಬಿಗಿಹಿಡಿದು ಡಬ್ಬವನ್ನು ಗೋಡೆಯ ಮೇಲಕ್ಕೆ ಎತ್ತಿಕೊಟ್ಟಳು. ನಾನು ಎರಡೂ ಕೈಯಲ್ಲಿ ಹಿಡಿದು ಒಂದು ಹೆಜ್ಜೆ ಹಿಂದಿಟ್ಟೆ. ದಿನಕ್ಕೆರಡು ಸಲ ನೀರು ಕುಡಿದ ಡಬ್ಬದ ತಳ ಪೂರ್ತಿ ತುಕ್ಕು ಹಿಡಿದಿತ್ತು. ಪಟ್ಟೆಂದು ತಳ ಕಳಚಿ ಮಣ್ಣು, ಗೊಬ್ಬರ, ಕಾಫಿ ಚರಟ, ಗಿಡ ಎಲ್ಲವೂ ಮೆಣಸಿನಕಾಯಿಯ ಮೇಲೆ ಸುರಿದವು. ನನ್ನ ಕೈಯಲ್ಲಿ ಖಾಲಿ ಡಬ್ಬ ಉಳಿಯಿತು. ಅದರೊಳಗಿಂದ ನೋಡಿದರೆ ಬಾಯಿ ತೆರೆದು ನಿಂತ ಅಕ್ಕನ ಮುಖ ಕಾಣುತ್ತಿತ್ತು.

ದೊಡ್ಡಮ್ಮ ಅವತ್ತು ಹೊಳೆಗೆ ಹೋಗಿರಲಿಲ್ಲ. ಕೊಟ್ಟಿಗೆಯಿಂದ ಎದ್ದು ಬಂದರು. "ಯಾವಳೇ ಅವ್ಳು! ಅಯ್ಯಯ್ಯೋ, ವರ್ಸದ್ ಮೆಣಸಿನ್ಕಾಯೆಲ್ಲ ಮಣ್ಣು ಮಾಡ್ಬುಟ್ಳಲ್ಲಪ್ಪೋ!"

ಆ ಕೂಗಿಗೆ ಅಮ್ಮ ಎದ್ದು ಗೋಡೆಯ ಬಳಿ ಓಡಿ ಬಂದರು. ಗೋಡೆಯ ಈಚೆ ದೊಡ್ಡಮ್ಮ, ಆಚೆ ಅಮ್ಮ. ಇವತ್ತು ದೊಡ್ಡ ಜಗಳವೇ ಆಗುತ್ತದೆ ಎಂದುಕೊಂಡು ಖಾಲಿ ಡಬ್ಬವನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅಮ್ಮ ಚಾಪೆಯನ್ನು ನೋಡಿದರು, ನನ್ನನ್ನು ನೋಡಿದರು.

"ತಪ್ಪಾಯ್ತು ದೊಡ್ಡಮ್ಮ. ನನ್ನ ಮಕ್ಕಳು ಮಾಡಿದ್ದು. ನಾನೇ ಬಂದು ಒಂದೊಂದೂ ಒರೆಸಿ ಕೊಡ್ತೀನಿ."

ದೊಡ್ಡಮ್ಮ ಸೊಂಟದ ಮೇಲಿನ ಕೈ ಇಳಿಸಿದರು. "ಅವತ್ತು ಬಚ್ಚಲ್ ನೀರಿಗೂ ಇಂಗೇ ಒಂದ್ ಮಾತು ಅಂದಿದ್ರೆ ನಾನ್ಯಾಕವ್ವ ಮೊಕ ತಿರುಗುಸ್ಕತಿದ್ದೆ?" ಎಂದವರು ನನ್ನತ್ತ ತಿರುಗಿ, "ಅಲ್ಲ ಕಣ್ಮಗಾ, ಈ ಗಿಡ ತಗಂಡು ಎಲ್ಲಿಗೆ ಒಂಟಿದ್ದೆ?" ಎಂದರು.

ನಾನು ಇದ್ದಿಲಿನ ಗೆರೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಗಿಡವನ್ನು ಎತ್ತಿ, ಕಡ್ಡಿಯನ್ನು ಉಗುರಿನಲ್ಲಿ ಕೆರೆದು ನೋಡಿದರು. "ಒಳ್ಗೆ ಅಸ್ರು ಐತೆ, ಬದುಕ್ತದೆ. ಬಿಸ್ಲಿಗೆ ಆಸೆಪಟ್ಟು ಉದ್ದ ಓಗೈತೆ ಅಷ್ಟೇಯ. ಬಿದ್ದಿದ್ ಬಿದ್ದೋಯ್ತು, ಇಲ್ಲೇ ನೆಡವ ಬನ್ನಿ."

ಅವರೇ ಗುದ್ದಲಿ ತಂದು ಗುಂಡಿ ತೋಡಿದರು, ತಿಪ್ಪೆಯಿಂದ ಕಪ್ಪಗಿನ ಹಳೆಗೊಬ್ಬರ ತಂದು ಸುರಿದರು. ಗಿಡ ನೆಟ್ಟು, ಕುಡುಗೋಲು ತಂದು ಸರಕ್ಕನೆ ಒಂದೂವರೆ ಗೇಣು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿಬಿಟ್ಟರು. ಅಕ್ಕ ಕಿರುಚಿಕೊಂಡಳು.

"ಸುಮ್ಕಿರು ಮಗಾ. ಈ ಬಡಕಲು ಕಡ್ಡಿ ಇಟ್ಕಂಡ್ರೆ ಬರೀ ಎಲೆ ಬುಡ್ತದೆ. ಕೂದ್ಲಿಗೆ ಎಣ್ಣೆ ಅಚ್ದಂಗೆ ದಿನಾ ಎಲ್ಡ್ ಸಲ ನೀರು ಉಯ್ಯಬ್ಯಾಡ. ಮಣ್ಣು ಒಣಗಿದ್ಮ್ಯಾಕೆ ಉಯ್ಯಿ, ಸಾಕು."

ಸಂಜೆಯವರೆಗೆ ನಾವು ನಾಲ್ವರೂ ಕೂತು ಮೆಣಸಿನಕಾಯಿ ಒರೆಸಿದೆವು. ಒಬ್ಬರು ಸೀನಿದರೆ ಉಳಿದವರು ನಗುವುದು, ನಕ್ಕವರು ತಾವೂ ಸೀನುವುದು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಿದ್ದೆಯಿಂದ ಎದ್ದ ಅಪ್ಪ ಮನೆಯೆಲ್ಲ ಹುಡುಕಿ, ಕೊನೆಗೆ ಗೋಡೆಯ ಮೇಲಿಂದ ಇಣುಕಿ, "ಯಾರಿಗೆ ಏನಾಯ್ತು? ಯಾಕೆ ಎಲ್ಲರೂ ಅಳ್ತಿದ್ದೀರಿ?" ಎಂದು ಗಾಬರಿಯಿಂದ ಕೇಳಿದರು. ಅದಕ್ಕೆ ನಾವು ಇನ್ನಷ್ಟು ನಕ್ಕೆವು.

ಮಾರನೆಯ ದಿನದಿಂದ ಅಕ್ಕ ಸ್ಕೂಲಿಂದ ಬಂದವಳೇ ಮುಂಬಾಗಿಲಿನಿಂದಲೇ ದೊಡ್ಡಮ್ಮನ ಮನೆಗೆ ಹೋಗತೊಡಗಿದಳು. ಮೂರು ವಾರಕ್ಕೆ ತಾಮ್ರದ ಬಣ್ಣದ ಚಿಗುರು ಬಂತು. ಯುಗಾದಿಗೆ ಮೊಗ್ಗಷ್ಟೇ ಇತ್ತು, ಹೂವಿರಲಿಲ್ಲ, ಆದರೆ ಅಮ್ಮ ತುಳಸಿಯ ಮಾತೆತ್ತಲಿಲ್ಲ. ಹಬ್ಬ ಕಳೆದ ವಾರಕ್ಕೆ ದೊಡ್ಡಮ್ಮ ಹಿತ್ತಾಳೆ ಲೋಟದಲ್ಲಿ ಒಂದು ಹೂವಿಟ್ಟುಕೊಂಡು ಮೊದಲ ಸಲ ನಮ್ಮ ಮನೆಗೆ ಬಂದರು. ಹಾಸನದಲ್ಲಿ ಬಿಡುತ್ತಿದ್ದುದಕ್ಕಿಂತ ಒಂದು ಸುತ್ತು ಚಿಕ್ಕದು, ಆದರೆ ಬಣ್ಣ ಅದಕ್ಕಿಂತ ಗಾಢ.

"ಗಿಡ ನಿಮ್ದು, ಬಿಸ್ಲು ನಮ್ದು. ಯಾರು ಮುಡೀಬೇಕು ಏಳಿ."

ಅಕ್ಕ ಹೂವನ್ನು ತೆಗೆದುಕೊಂಡು ಅವರ ನರೆತ ತುರುಬಿಗೇ ಸಿಕ್ಕಿಸಿಬಿಟ್ಟಳು. "ಅಯ್ಯೋ, ಈ ವಯ್ಸಲ್ಲಿ ನಂಗೆ ಕೆಂಪು ಗುಲಾಬಿಯಾ!" ಎಂದು ದೊಡ್ಡಮ್ಮ ತಲೆಯ ಮೇಲೆ ಸೆರಗು ಹೊದ್ದರು. ಆದರೆ ಮನೆಗೆ ಹೋಗುವ ಬದಲು ಬೀದಿಯ ಕೊನೆಯವರೆಗೆ ಹೋಗಿ, ಪ್ರತಿ ಮನೆಯ ಮುಂದೆಯೂ ತಲೆಯ ಸೆರಗು ಜಾರಿಸುತ್ತಾ ಬಂದರು.

ಆ ಬೇಸಿಗೆಯಲ್ಲಿ ನಾನು ಅತಿ ಬುದ್ಧಿವಂತಿಕೆಯಿಂದ ಬಿಳಿ ಗೊಂಚಲನ್ನೂ ಅಲ್ಲಿಗೆ ಒಯ್ದಿಟ್ಟೆ. ಎರಡೇ ದಿನಕ್ಕೆ ಹೂವೆಲ್ಲ ಸುಟ್ಟ ಹಪ್ಪಳವಾಯಿತು. ಅದನ್ನು ಮತ್ತೆ ನಮ್ಮ ನೆರಳಿಗೆ ತಂದೆವು, ಅದು ಮತ್ತೆ ನಕ್ಕಿತು.

ಮಕ್ಕಳೇ, ನಾನು ಬಂದು ಉಳಿದಿರುವ ಹಾಸನದ ನಿಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಈಗ ನರ್ಸರಿಯಿಂದ ತಂದ ಕೆಂಪು ಗುಲಾಬಿ ಇದೆ. ಅದಕ್ಕೆ ಚೀಲದಲ್ಲಿ ಬರುವ ಹಗುರ ಮಣ್ಣು, ತೂತಿರುವ ಅಂದದ ಕುಂಡ. ಎಲೆಗೆ ಬೂದಿ ಬಂದರೆ ನೀವು ಫೋನಿನಲ್ಲಿ ಫೋಟೊ ತೆಗೆಯುತ್ತೀರಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು ಎಂದು ಫೋನು ಕ್ಷಣದಲ್ಲಿ ಹೇಳುತ್ತದೆ. ನಮಗೆ ಅಷ್ಟು ತಿಳಿಯಲು ಒಂದು ಇಡೀ ಭಾನುವಾರ ಹಿಡಿದಿತ್ತು. ಆದರೆ ನಿಮ್ಮ ಬಾಲ್ಕನಿ ಇರುವುದು ಉತ್ತರಕ್ಕೆ. ಎದುರು ಫ್ಲಾಟಿನವರದು ಪೂರ್ವಕ್ಕಿದೆ, ಬೆಳಗಿನಿಂದಲೇ ಅಲ್ಲಿ ಬಿಸಿಲು ಬೀಳುವುದನ್ನು ನಾನು ದಿನವೂ ನೋಡುತ್ತೇನೆ. ಅವರು ಬಂದು ಎರಡು ವರ್ಷವಾಯಿತಂತೆ. ಅವರ ಹೆಸರೇನು ಎಂದು ನಿನ್ನೆ ನಿಮ್ಮನ್ನು ಕೇಳಿದೆ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ.