ಶಾಂತಿಗ್ರಾಮದ ಅಡುಗೆಮನೆಯಲ್ಲಿ ಸಮುದ್ರದ ಸದ್ದು

ಬೆಳಗಿನ ನಾಲ್ಕೂವರೆ. ಶಾಂತಿಗ್ರಾಮದ ಹೆದ್ದಾರಿಯಲ್ಲಿ ಇನ್ನೂ ಬಸ್ಸಿನ ಸದ್ದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೂತಿದ್ದಾರೆ ರೂಪಶ್ರೀ. ಕೇಳುತ್ತಿರುವುದು ಸುಪ್ರಭಾತವಲ್ಲ, ಸಮುದ್ರದ ತಳ! ಆಳಕ್ಕೆ ಇಳಿಬಿಟ್ಟ ಮೈಕುಗಳು ಹಿಡಿದ ಸದ್ದು ಕೇಳಿ, ಇದು ಹಡಗು, ಇದು ತಿಮಿಂಗಿಲ, ಇದು ಮಳೆ ಎಂದು ಗುರುತು ಹಾಕುವುದು ಇವರ ಕೆಲಸ. ಸಮುದ್ರವನ್ನು ಮಾತ್ರ ಇವರು ಕಣ್ಣಾರೆ ಕಂಡಿಲ್ಲ.

ಎಂಟು ವರ್ಷ ಹಾಸನದ ಗಾರ್ಮೆಂಟ್ಸ್‌ನಲ್ಲಿ ಹೊಲಿದವರು. ಅಷ್ಟು ಗದ್ದಲದಲ್ಲೂ ಯಾರ ಸೂಜಿ ಮೊಂಡಾಗಿದೆ ಎಂದು ಹೇಳಿಬಿಡುತ್ತಿದ್ದರಂತೆ. ಅತ್ತೆ ಹಾಸಿಗೆ ಹಿಡಿದ ಮೇಲೆ ಮನೆಯಲ್ಲೇ ಮಾಡುವ ಕೆಲಸ ಬೇಕಾಯಿತು. ಸಂಶೋಧಕರಿಗೆ ಸದ್ದು ವಿಂಗಡಿಸಿ ಕೊಡುವ ಹಾಸನದ ಸಣ್ಣ ಕಚೇರಿಯೊಂದು ಇವರ ಕಿವಿ ಪರೀಕ್ಷಿಸಿ ತೆಗೆದುಕೊಂಡಿತು. ದಿನಕ್ಕೆ ನಲವತ್ತು ತುಣುಕು, ಮೂವತ್ತರಲ್ಲಿ ಬರೀ ಹಡಗು. ಏನೆಂದು ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಒತ್ತಬೇಕು.

ಮೊದಲ ತಿಂಗಳೇ ಎಡವಟ್ಟಾಯಿತು. ‘ಟಪಕ್ ಟಪಕ್’ ಎಂಬ ಸದ್ದಿಗೆ ಆರು ದಿನ ‘ಗೊತ್ತಿಲ್ಲ’ ಒತ್ತಿದರು. ನೋಡಿದರೆ ಅದು ಪಕ್ಕದ ಮನೆ ಸುಬ್ಬಮ್ಮನವರ ಹಾಲು ಕರೆಯುವ ಯಂತ್ರ! ಗೋಡೆ ದಾಟಿ ಹೆಡ್‌ಫೋನಿನೊಳಗೆ ನುಗ್ಗುತ್ತಿತ್ತು. ಕಚೇರಿಯವರು ಬಿದ್ದೂ ಬಿದ್ದೂ ನಕ್ಕರು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದೂ ಹೇಳಿದರು.

ಹೀಗಿರುವಾಗ ಒಂದು ಮುಂಜಾನೆ, ಯಂತ್ರ ಶುರುವಾಗುವ ಮೊದಲೇ, ಬೇರೆಯದೇ ಸದ್ದು. ತೀರಾ ಸಣ್ಣಗೆ, ಗಬ್ಬದ ಹಸು ನರಳಿದ ಹಾಗೆ. ‘ಗೊತ್ತಿಲ್ಲ’ ಒತ್ತಿದರೆ ಕೆಲಸ ಹೋಗಬಹುದು, ಸುಮ್ಮನಿದ್ದರೆ ಆ ಸದ್ದು ಯಾರಿಗೂ ತಿಳಿಯದೆ ಹೋಗುತ್ತದೆ. ಒತ್ತಿಯೇಬಿಟ್ಟರು. “ಕೇಳ್ಸಿದ್ದನ್ನ ಕೇಳ್ಸಿಲ್ಲ ಅನ್ನಕಾಯ್ತದಾ ಸಾ?” ಎನ್ನುತ್ತಾರೆ.

ಮೇಲ್ವಿಚಾರಕ ಚಂದ್ರಮೌಳಿ ಬಸ್‌ಸ್ಟ್ಯಾಂಡ್ ಪಕ್ಕದ ಕಚೇರಿಯಲ್ಲಿ ಕೂತು ಕೇಳಿದರು. ಹಾರ್ನ್ ಗದ್ದಲದಲ್ಲಿ ಏನೂ ಸಿಗಲಿಲ್ಲ. “ಮತ್ತೆ ಸುಬ್ಬಮ್ಮನ ಮನೆದೇನಮ್ಮಾ?” ಎಂದು ಫೋನು ಮಾಡಿದರು. “ನೀವೇ ಬಂದು ಒಂದ್ಸಲ ಕೇಳಿ ಸಾ. ಆಮ್ಯಾಕೆ ಬೇಕಾದ್ರೆ ಕೆಲ್ಸದಿಂದ ತೆಗೀರಿ” ಎಂದರು ರೂಪಶ್ರೀ.

ಪುಣ್ಯಾತ್ಮ ಬಂದೇಬಿಟ್ಟರು, ಮೊದಲ ಬಸ್ಸಿಗೆ. ಅವರು ಬರುವ ಹೊತ್ತು ಹಾಲು ಕರೆಯುವ ಹೊತ್ತೇ. ವಿಷಯ ತಿಳಿದ ಸುಬ್ಬಮ್ಮ ಅಂದು ಯಂತ್ರ ಮುಟ್ಟಲಿಲ್ಲ, ನಾಲ್ಕು ಹಸುಗಳನ್ನೂ ಕೈಯಲ್ಲೇ ಕರೆದರು. “ಬೆಳ್ಳೆಲ್ಲಾ ಸೆಟ್ಕೊಂಬುಟ್ವು ಕಣವ್ವ. ಸಮುದ್ರಕ್ಕೋಸ್ಕರ ಹಾಲು ಕರ್ದೋಳು ಈ ಸೀಮೇಲಿ ನಾನೊಬ್ಳೇ ಇರ್ಬೇಕು” ಎಂದು ಈಗಲೂ ರೂಪಶ್ರೀಗೆ ಹೇಳಿ ನಗುತ್ತಾರೆ ಆ ತಾಯಿ. ಚಂದ್ರಮೌಳಿ ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದರು. ನಾಲ್ಕನೆಯ ಸಲ ರೂಪಶ್ರೀ ಕಡೆ ತಿರುಗಿ, “ಇದೆ ಕಣಮ್ಮ” ಎಂದರು.

ಸದ್ದು ಸಂಶೋಧಕರ ಕೈ ಸೇರಿತು. ಎರಡು ತಿಂಗಳು ಕೇಳಿ, ಅಳೆದು, ಹಡಗಲ್ಲ, ತಿಮಿಂಗಿಲವಲ್ಲ ಎಂದರು. ಏನೆಂದು ಹೇಳಲು ಅವರಿಗೂ ಆಗಿಲ್ಲ. ಫೋನು ಮಾಡಿ ಧನ್ಯವಾದ ಹೇಳಿದರು, ಕೆಲಸವೂ ಉಳಿಯಿತು.

“ಸುಬ್ಬಮ್ಮತ್ತೆ, ನಮ್ ಸಾರು, ಇವರಿಬ್ರ ಋಣ ನಾನು ತೀರ್ಸಕಾಗಲ್ಲ” ಎನ್ನುವಾಗ ರೂಪಶ್ರೀ ಕಣ್ಣು ತುಂಬುತ್ತದೆ. ಸೆರಗಿನಲ್ಲಿ ಒರೆಸಿಕೊಂಡು ನಗುತ್ತಾರೆ. “ಅದೇನು ಅಂತ ಓದ್ದೋರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಆದ್ರೆ ಐತೆ ಅನ್ನೋದು ಗೊತ್ತಾಯ್ತಲ್ಲ ಸಾ.”