ಕಪಾಟಿನಲ್ಲಿದ್ದ ಡಿಸ್ಕು

‘ಫಾರ್ಮ್ಯಾಟ್’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಚಿದ್ರಿಯ ಸುಮನಳಿಗೆ ಮೈಯೆಲ್ಲ ಉರಿಯುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಸಣ್ಣ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ಈ ನಲವತ್ತರ ಹೆಂಗಸು, ಬೀದರದ ಅರ್ಧ ಮೆಕ್ಯಾನಿಕ್‌ಗಳನ್ನು ಕತ್ತೆಗಳೆಂದೂ ಉಳಿದರ್ಧವನ್ನು ಕಟುಕರೆಂದೂ ತೀರ್ಮಾನಿಸಿಬಿಟ್ಟಿದ್ದಾಳೆ. ಮಶೀನು ಏಳಲಿಲ್ಲವೋ, ಅಳಿಸು. ನಿಧಾನವಾಯಿತೋ, ಅಳಿಸು. ಥೂ, ಅದೂ ಒಂದು ವಿದ್ಯೆಯೇ? ಒದ್ದೆ ಬಟ್ಟೆ ಕೊಟ್ಟರೆ ಆ ಕೆಲಸವನ್ನು ಯಾರಾದರೂ ಮಾಡಿಯಾರು.

ಅವಳ ತಾತ್ಸಾರದ ಪಟ್ಟಿಯಲ್ಲಿ ಮೊದಲ ಹೆಸರು ಭಾಲ್ಕಿಯ ಅವಿನಾಶನದು. ಬೋರ್ಡಿನ ಮೇಲೆ ‘ಇಂಜಿನಿಯರ್’ ಎಂದು ದಪ್ಪಕ್ಷರ. ಇಂಜಿನಿಯರಿಂಗ್ ಕಾಲೇಜನ್ನು ಅವನು ನೋಡಿದ್ದು ಬಸ್ಸಿನ ಕಿಟಕಿಯಿಂದ. ಅವನ ಅಂಗಡಿಯಲ್ಲಿ ಸುಮನ ಆರು ವರ್ಷ ದುಡಿದಿದ್ದಳು. ಗಿರಾಕಿ ಬಂದೊಡನೆ ಹೇಳಬೇಕಾದ ಮಂತ್ರವನ್ನು ಅವನು ಮೊದಲ ದಿನವೇ ಕಲಿಸಿದ್ದ: “ಚಿಂತಿ ಮಾಡಬ್ಯಾಡ್ರಿ, ಡಿ ಸೇಫ್ ಅದರಿ.” ಮಾತು ಸುಳ್ಳಲ್ಲ. ಫಾರ್ಮ್ಯಾಟಿನಲ್ಲಿ ಅಳಿಯುವುದು ಸಿ ಡ್ರೈವು ಮಾತ್ರ. ಆದರೆ ನಮ್ಮ ಜನ ಡಿ ಡ್ರೈವಿನಲ್ಲಿ ಏನಿಡುತ್ತಾರೆ? ಏನೂ ಇಲ್ಲ. ಎಲ್ಲವನ್ನೂ ಕಣ್ಣೆದುರಿಗಿರಲಿ ಎಂದು ಡೆಸ್ಕ್‌ಟಾಪಿನ ಮೇಲೆ ಹರವುತ್ತಾರೆ, ಅದು ಇರುವುದು ಸಿ ಒಳಗೆ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಔರಾದದಿಂದ ನಿವೃತ್ತ ಮಾಸ್ತರ ಕಾಶೀರಾಮ ಬಂದರು. ಕಂಪ್ಯೂಟರಿನ ಡಬ್ಬವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದರು. ಒಳಗೆ ಬಂದವರು ಅತ್ತಿತ್ತ ನೋಡಿ, “ಮೆಕ್ಯಾನಿಕ್ ಎಲ್ಲಿದ್ದಾರ್ರಿ?” ಎಂದರು.

“ಎದುರಿಗೇ ಕುಂತಾಳಲ್ರಿ,” ಎಂದಳು ಸುಮನ.

ಮಾಸ್ತರು ನಾಲಿಗೆ ಕಚ್ಚಿಕೊಂಡರು. “ತಪ್ಪಾತ್ರಿ ಅಕ್ಕಾರ. ಚಾಲೂನೇ ಆಗವಲ್ದು. ಊರಾಗ ತೋರಿಸಿದ್ರ, ಸಿ-ಡಿ ಎರಡೂ ಅಳಸ್ಬೇಕು ಅಂದ್ರು. ಇದರಾಗ ನಮ್ಮ ಆಯಿ ಹಾಡಿದ ಬೀಸುಕಲ್ಲಿನ ಹಾಡ ಅವರಿ. ಆಯಿ ಈಗಿಲ್ಲ.”

“ಇನ್ನೊಂದ ಕಡಿ ತಗದಿಟ್ಟೀರೇನ್ರಿ?”

“ಇಲ್ರಿ.”

ಮೂವತ್ತು ವರ್ಷ ಮಕ್ಕಳಿಂದ ಕಾಪಿ ಬರೆಸಿದ ಮನುಷ್ಯ, ಹೆತ್ತ ತಾಯಿಯ ಹಾಡಿಗೆ ಒಂದು ಕಾಪಿ ಇಟ್ಟಿಲ್ಲ! ಸುಮನ ಮನಸ್ಸಿನಲ್ಲೇ ಹಣೆ ಬಡಿದುಕೊಂಡು, ಬಟ್ಟೆಯ ಚೀಲದಿಂದ, ಕೆಟ್ಟ ಮಶೀನನ್ನೂ ಎಬ್ಬಿಸುವ ತನ್ನ ಸಿಡಿ ಡಿಸ್ಕು ತೆಗೆದಳು. ಪೆನ್ ಡ್ರೈವಿನಿಂದ ಈ ಕೆಲಸ ಮಾಡುವವರನ್ನು ಕಂಡರೂ ಅವಳಿಗೆ ಆಗದು. ಅದು ಹೋದ ಹೋದ ಮನೆಯ ಹೇನು ಹತ್ತಿಸಿಕೊಂಡು ಬರುತ್ತದೆ. ಡಿಸ್ಕಿನ ಮೇಲೆ ಬರೆದದ್ದು ಒಮ್ಮೆ ಬರೆದಾಯಿತು, ಯಾವ ವೈರಸ್ಸಿಗೂ ಅಲ್ಲಿ ಒಂದಕ್ಷರ ಗೀಚಲಿಕ್ಕೆ ಬರುವುದಿಲ್ಲ.

ಡಿಸ್ಕನ್ನು ಒಳಗೆ ಸರಿಸಿ, ಮೊದಲು ಅದನ್ನೇ ನೋಡು ಎಂದು ಮಶೀನಿಗೆ ಹೇಳಿ ಚಾಲೂ ಮಾಡಿದಳು. ಪರದೆಯ ಮೇಲೆ ಬೇರೆಯೇ ಬಣ್ಣ, ಬೇರೆಯೇ ಚಿತ್ರಗಳು ಮೂಡಿದವು. ಮಾಸ್ತರ ಮುಖ ಬಿಳಿಚಿತು.

“ಅಳಸಿ ಬಿಟ್ರೇನ್ರಿ?”

“ಗಾಬರಿ ಆಗಬ್ಯಾಡ್ರಿ, ಗುರೂಜಿ. ಲಗ್ನದ ಅಡಗಿಯವರು ತಮ್ಮ ಒಲಿ, ತಮ್ಮ ಪಾತ್ರಿ ತಂದು ಅಂಗಳದಾಗ ಅಡಗಿ ಮಾಡ್ತಾರಲ್ರಿ, ಹಾಂಗ ಇದು. ಡಿಸ್ಕಿನಾಗ ಒಂದು ಸಣ್ಣ ವಿಂಡೋಸಿನಂಥಾದ್ದು ಪೂರಾ ಅದ. ಅದು ಮಶೀನಿನ ರ‍್ಯಾಮ್‌ನಾಗ ಇಳಿದು ಅಲ್ಲೇ ನಡೀತದ. ನಿಮ್ಮ ಕೆಟ್ಟ ವಿಂಡೋಸ್ ಮಲಗಿದಲ್ಲೇ ಮಲಗಿರ್ತದ, ಅದನ್ನ ಯಾರೂ ಮುಟ್ಟಂಗಿಲ್ಲ. ಬಂದ್ ಮಾಡಿದ್ರ ಅಂಗಳ ಖಾಲಿ. ಅಷ್ಟರಾಗ ನಾವು ನಿಮ್ಮ ಹಾಡ ಹೊರಗ ತಗೀತೇವಿ.”

ರೂಢಿಯಂತೆ ಅವಳು ಮೊದಲು ಡೆಸ್ಕ್‌ಟಾಪಿನ ಫೋಲ್ಡರ್ ತೆರೆದಳು. ಅದು ಬರಿದಾಗಿತ್ತು.

“ಡಿ ಒಳಗ ನೋಡ್ರಿ,” ಎಂದರು ಮಾಸ್ತರು.

ಅಲ್ಲಿತ್ತು, ‘ಶೇವಂತಾಬಾಯಿ’ ಎಂಬ ತಾಯಿಯ ಹೆಸರಿನಲ್ಲಿ, ಮೂವತ್ತೊಂದು ಹಾಡು. ಡಿಸ್ಕು ಬಡಪಾಯಿ ಒಂದೊಂದನ್ನೇ ಎಳೆದೆಳೆದು, ಸುಮನ ಸಿಕ್ಕಿಸಿದ ಹೊರಗಿನ ಡ್ರೈವಿಗೆ ಹಾಕತೊಡಗಿತು. ಸುಮನ ಒಂದನ್ನು ಹಚ್ಚಿದಳು. ಕಲ್ಲು ತಿರುಗುವ ಸದ್ದು, ಅದರ ಮೇಲೆ ಮುದುಕಿಯ ದನಿ. ಮಾಸ್ತರು ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಸುಮನಳಿಗೆ ಮೊದಲ ಬಾರಿಗೆ ಗಿರಾಕಿಯ ಮೇಲೆ ಗೌರವ ಹುಟ್ಟಿತು. “ಡಿ ಒಳಗ ಇಡೋ ಬುದ್ಧಿ ಯಾರು ಕಲಿಸಿದ್ರು ನಿಮಗ? ಈ ಕಡಿ ಒಬ್ಬರೂ ಇಡಂಗಿಲ್ಲ.”

“ಪೆಟ್ಟ ತಿಂದು ಕಲತೇನ್ರಿ. ಹಿಂದ ನಲವತ್ತ ಹಾಡ ಇದ್ದವು. ಭಾಲ್ಕಿಗಿ ಮಶೀನ್ ಒಯ್ದೆ, ಅವಿನಾಶನ ಅಂಗಡಿಗಿ. ಅಲ್ಲೊಬ್ಬಾಕಿ ಹುಡುಗಿ ‘ಡಿ ಸೇಫ್ ಅದರಿ’ ಅಂದ್ಳು. ನನಗೇನ ತಿಳೀತದ, ಹೂಂ ಅಂದೆ. ಹಾಡೆಲ್ಲ ಡೆಸ್ಕ್‌ಟಾಪ್ ಮ್ಯಾಲ ಇದ್ದವು. ಆ ಮಶೀನ್ ಆಮ್ಯಾಲ ಗುಜರಿಗಿ ಹೋತು. ಎಂಬತ್ತರ ಆಯಿಗಿ ಮತ್ತ ಕಲ್ಲಿನ ಮುಂದ ಕೂಡಿಸಿದೆ. ಒಂಬತ್ತ ಹಾಡ ಆಕಿಗಿ ನೆನಪೇ ಆಗಲಿಲ್ಲ. ಅವತ್ತಿನಿಂದ ಏನಿದ್ರೂ ಡಿ ಒಳಗೇ ಇಡ್ತೇನ್ರಿ. ಸೇಫ್ ಅಂದಿದ್ಳಲ್ಲ, ಅದಕ್ಕ ಇನ್ನೊಂದ ಕಡಿನೂ ಇಡಲಿಲ್ಲ.” ಮಾಸ್ತರು ಅವಳ ಡಿಸ್ಕು ಓಡುತ್ತಿದ್ದ ಮಶೀನಿನ ಕಡೆ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು. “ಆಕಿಗಿ ನಿಮ್ಮಂಥವರ ಹತ್ರ ಕಲೀಲಿಕ್ಕ ಕಳಸ್ಬೇಕಿತ್ತು ನೋಡ್ರಿ.”

ಅವಿನಾಶನ ಅಂಗಡಿಯಲ್ಲಿ ಇಂದಿನವರೆಗೆ ಹುಡುಗಿ ಎಂದು ದುಡಿದವಳು ಒಬ್ಬಳೇ, ಸುಮನ. ಈ ಮುಖ ಅವಳಿಗೆ ನೆನಪಿರಲಿಲ್ಲ. ಗಿರಾಕಿಗಳ ಮುಖ ನೋಡುವಷ್ಟು ಮರ್ಯಾದೆಯನ್ನೂ ಅವಳು ಯಾರಿಗೂ ಕೊಟ್ಟವಳಲ್ಲ.

“ಆ ಹುಡುಗಿ ನಾನೇರಿ, ಗುರೂಜಿ.”

ಮಾಸ್ತರು ಬೈಯಲಿಲ್ಲ. ಟೋಪಿಯನ್ನು ಮತ್ತೆ ತಲೆಗೇರಿಸಿ ಕೇಳಿದರು: “ಆವಾಗ ಈ ಡಿಸ್ಕ್ ಇದ್ದಿಲ್ಲೇನ್ರಿ?”

ಇರಲಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇಲ್ಲವೇ ಎಲ್ಲವನ್ನೂ ಅವಿನಾಶನ ತಲೆಗೆ ಕಟ್ಟಬಹುದಿತ್ತು, ಹನ್ನೆರಡು ವರ್ಷ ಅದನ್ನೇ ಮಾಡಿದ್ದಳು.

“ಇತ್ತರಿ. ಬೆನ್ನ ಹಿಂದಿನ ಕಪಾಟದಾಗ ಇತ್ತು. ಇದರಿಂದ ನೋಡ್ಲಿಕ್ಕ ಎರಡ ತಾಸ ಹಿಡೀತಿತ್ತು, ಫಾರ್ಮ್ಯಾಟಿಗಿ ಅರ್ಧಾ ತಾಸ. ನನಗ ಮನಿಗಿ ಹೋಗೋ ಅವಸರ ಇತ್ತು.”

ಕಾಪಿ ಮುಗಿಯಿತು. ಹಾಡುಗಳಿದ್ದ ಡ್ರೈವನ್ನು ಮಾಸ್ತರು ಒಳಜೇಬಿನಲ್ಲಿಟ್ಟು, ಇನ್ನೂ ರಿಪೇರಿಯಾಗದ ಮಶೀನನ್ನು ಕೌದಿಯಲ್ಲಿ ಸುತ್ತತೊಡಗಿದರು. ಸುಮನ ಎದ್ದು, ಎತ್ತಿಕೊಡಲು ಕೈ ಹಚ್ಚಿದಳು.

“ಬಿಡ್ರಿ,” ಎಂದರು ಮಾಸ್ತರು. “ನೀವು ಮುಟ್ಟಬ್ಯಾಡ್ರಿ.”